ಪರದೆ ಕಪ್ಪಾದಾಗ ಕೈಹಿಡಿಯುವುದು ಯಾವುದು? ಮೂರು ಬಗೆಯ ಡಿಜಿಟಲ್ ಸೈನೇಜ್ ವಿಮರ್ಶೆ

ಅಂಗಡಿ, ಕಚೇರಿಗಳಲ್ಲಿ ಜಾಹೀರಾತು, ಮಾಹಿತಿ ತೋರಿಸುವ ಡಿಜಿಟಲ್ ಸೈನೇಜ್ ಪರದೆ ಕೊಳ್ಳುವವರು ಮೊದಲು ನೋಡುವುದು ಇಂಚು, ರೆಸಲ್ಯೂಷನ್ ಮತ್ತು ಹೊಳಪು. ಗೋಡೆಗೆ ಏರಿಸಿದ ಮೇಲೆ ಈ ಮೂರೂ ಹಿಂದೆ ಸರಿಯುತ್ತವೆ, ಬೇರೊಂದು ಪ್ರಶ್ನೆ ಮುಂದೆ ಬರುತ್ತದೆ. ಬೆಳಿಗ್ಗೆ ಬಾಗಿಲು ತೆಗೆದಾಗ ಪರದೆ ಕಪ್ಪಗಿದ್ದರೆ, ಕೆಟ್ಟಿರುವುದು ಪರದೆಯೋ, ಅದಕ್ಕೆ ಚಿತ್ರ ಕಳಿಸುವ ಪ್ಲೇಯರೋ, ಕೇಬಲ್ಲೋ, ನೆಟ್‌ವರ್ಕೋ ಎಂಬುದನ್ನು ಅಲ್ಲಿರುವ ಸಿಬ್ಬಂದಿ ಎಷ್ಟು ಬೇಗ ಹೇಳಬಲ್ಲರು? ಈ ವಿಮರ್ಶೆ ಹಿಡಿದಿರುವುದು ಅದೊಂದೇ ಅಳತೆಗೋಲು. ಬಳಕೆಯಲ್ಲಿರುವ ಮೂರು ಬಗೆಗಳನ್ನು ಇಲ್ಲಿ ತೂಗಿ ನೋಡಿದ್ದೇವೆ: ಮನೆಯ ಟಿವಿಗೆ ಪೆನ್‌ಡ್ರೈವ್ ಅಥವಾ ಸ್ಟಿಕ್ ಸಿಕ್ಕಿಸಿದ್ದು, ಪ್ಲೇಯರ್ ಒಳಗೇ ಇರುವ ವೃತ್ತಿಪರ ಡಿಸ್‌ಪ್ಲೇ, ವೃತ್ತಿಪರ ಡಿಸ್‌ಪ್ಲೇಗೆ ಪ್ರತ್ಯೇಕ ಪ್ಲೇಯರ್ ಜೋಡಿಸಿದ್ದು.

ಮನೆ ಟಿವಿ

ಅಗ್ಗ ಅನ್ನುವುದೊಂದು ಬಿಟ್ಟರೆ ಇದರ ಪರ ಹೇಳುವುದಕ್ಕೆ ಹೆಚ್ಚಿಲ್ಲ. ಮನೆ ಟಿವಿಯ ಹೊಳಪು ಸಾಮಾನ್ಯವಾಗಿ 250ರಿಂದ 400 ನಿಟ್ಸ್. ಒಳಕೋಣೆಗೆ ಅದು ಸಾಕಾಗುತ್ತದೆ, ಬೆಳಕು ಬೀಳುವ ಕಿಟಕಿಯ ಪಕ್ಕದಲ್ಲಿ ಮಂಕಾಗಿ ಕಾಣುತ್ತದೆ. ಆದರೂ ದಿನನಿತ್ಯ ಕಾಡುವುದು ಹೊಳಪಲ್ಲ, ಟಿವಿಯ ಸ್ವಭಾವ. ಕೆಲವು ಗಂಟೆ ಯಾರೂ ರಿಮೋಟ್ ಮುಟ್ಟದಿದ್ದರೆ ಅದು ತಾನಾಗಿ ಆಫ್ ಆಗುತ್ತದೆ. ಕರೆಂಟು ಹೋಗಿ ಬಂದರೆ ಸ್ಟ್ಯಾಂಡ್‌ಬೈನಲ್ಲೇ ನಿಲ್ಲುತ್ತದೆ. ಸಾಫ್ಟ್‌ವೇರ್ ಅಪ್‌ಡೇಟ್ ಬಂದಾಗ ಜಾಹೀರಾತಿನ ನಡುವೆಯೇ ಒಂದು ಪೆಟ್ಟಿಗೆ ತೆರೆದು 'ಸರಿ' ಒತ್ತಿ ಎಂದು ಕಾಯುತ್ತಾ ಕೂರುತ್ತದೆ.

ಈಗಾಗಲೇ ಟಿವಿ ಹಾಕಿದ್ದರೆ ಐದು ಸೆಟ್ಟಿಂಗ್ ಬದಲಿಸಿ. ಆಟೋ ಪವರ್ ಆಫ್ ಮತ್ತು ಸ್ಲೀಪ್ ಟೈಮರ್ ಎರಡನ್ನೂ ತೆಗೆಯಿರಿ. 'ಸಿಗ್ನಲ್ ಇಲ್ಲದಿದ್ದರೆ ಆಫ್' ಎಂಬುದನ್ನು ತೆಗೆಯಿರಿ. ಎಕೋ ಮೋಡ್ ಮತ್ತು ಬೆಳಕಿನ ಸೆನ್ಸರ್ ನಿಲ್ಲಿಸಿ. ಸಂಜೆಯಾದಂತೆ ಪರದೆ ಮಂಕಾಗುತ್ತಿದೆ ಎಂಬ ದೂರಿಗೆ ಬಹಳ ಸಲ ಈ ಸೆನ್ಸರೇ ಕಾರಣ. ಚಿತ್ರದ ಅಂಚು ಕತ್ತರಿಸಿ ಹೋಗುತ್ತಿದ್ದರೆ ಅದು ಓವರ್‌ಸ್ಕ್ಯಾನ್. ಪಿಕ್ಚರ್ ಸೈಜ್‌ನಲ್ಲಿ 'ಜಸ್ಟ್ ಸ್ಕ್ಯಾನ್', 'ಸ್ಕ್ರೀನ್ ಫಿಟ್' ಅಥವಾ '1:1' ಎಂದಿರುವುದನ್ನು ಆರಿಸಿ. ಕೊನೆಯದು ಎಚ್‌ಡಿಎಂಐ ಸಿಇಸಿ, ಅಂದರೆ ಚಿತ್ರ-ಧ್ವನಿ ಸಾಗಿಸುವ ಎಚ್‌ಡಿಎಂಐ ಕೇಬಲ್ ಮೂಲಕ ಸಾಧನಗಳು ಒಂದನ್ನೊಂದು ನಿಯಂತ್ರಿಸುವ ವ್ಯವಸ್ಥೆ. ಪಕ್ಕದ ಸಾಧನ ಆಫ್ ಆದಾಗ ಟಿವಿಯೂ ಆಫ್ ಆಗುವುದು ಅದರಿಂದಲೇ, ಬೇಡದಿದ್ದರೆ ತೆಗೆದುಬಿಡಿ.

ಇಷ್ಟೆಲ್ಲ ಮಾಡಿದರೂ ಟಿವಿಯನ್ನು ಉದ್ದುದ್ದ ನಿಲ್ಲಿಸಬಾರದು. ಬಿಸಿಗಾಳಿ ಹೊರಹೋಗುವ ಕಿಂಡಿಗಳು ಅಡ್ಡ ಜೋಡಣೆಯನ್ನು ಲೆಕ್ಕಕ್ಕಿಟ್ಟು ಮಾಡಿದವು. ವ್ಯಾಪಾರಿ ಜಾಗದಲ್ಲಿ ಬಳಸಿದರೆ ವಾರಂಟಿ ಸಿಗುವುದಿಲ್ಲ ಎಂಬ ಷರತ್ತು ಎಷ್ಟೋ ತಯಾರಕರ ಕಾಗದದಲ್ಲಿ ಇರುತ್ತದೆ, ಕೊಳ್ಳುವ ಮುಂಚೆ ಓದಿಕೊಳ್ಳಿ.

ಪ್ಲೇಯರ್ ಒಳಗೇ ಇರುವ ಡಿಸ್‌ಪ್ಲೇ

ಸ್ಯಾಮ್‌ಸಂಗ್‌ನ ವೃತ್ತಿಪರ ಪರದೆಗಳಲ್ಲಿ ಟೈಜನ್, ಎಲ್‌ಜಿಯವುಗಳಲ್ಲಿ ವೆಬ್‌ಒಎಸ್, ಇನ್ನು ಕೆಲವುದರಲ್ಲಿ ಆಂಡ್ರಾಯ್ಡ್ ಆಪರೇಟಿಂಗ್ ಸಿಸ್ಟಮ್ ಇರುತ್ತದೆ, ಪ್ಲೇಯರ್ ಕೆಲಸವನ್ನು ಅದೇ ಮಾಡುತ್ತದೆ. ಎಚ್‌ಡಿಎಂಐ ಕೇಬಲ್ ಬೇಡ, ಇನ್ನೊಂದು ಅಡಾಪ್ಟರ್ ಬೇಡ, ಪರದೆಯ ಹಿಂದೆ ತೂಗಾಡುವ ಪೆಟ್ಟಿಗೆಯೂ ಇಲ್ಲ. ಭಾಗಗಳು ಕಡಿಮೆಯಾದಷ್ಟು ಕೆಡುವ ಜಾಗಗಳೂ ಕಡಿಮೆ. ಒಂದೆರಡು ಪರದೆ, ಸರಳ ಚಿತ್ರ, ಸಾಧಾರಣ ವಿಡಿಯೊ ಇಷ್ಟೇ ಬೇಕಾದವರಿಗೆ ನಮ್ಮ ಮೊದಲ ಸಲಹೆ ಇದೇ.

ದೂರದಿಂದ ನಿಯಂತ್ರಿಸುವ ಅನುಕೂಲವೂ ಇದರಲ್ಲಿ ಚೆನ್ನಾಗಿದೆ. ಆರ್‌ಎಸ್-232 ಎಂಬ ಸೀರಿಯಲ್ ಕೇಬಲ್ ಅಥವಾ ಲ್ಯಾನ್ (ನೆಟ್‌ವರ್ಕ್ ಕೇಬಲ್) ಮೂಲಕ ಪರದೆಯನ್ನು ಆನ್, ಆಫ್ ಮಾಡಬಹುದು, ಇನ್‌ಪುಟ್ ಬದಲಿಸಬಹುದು, ಒಳಗಿನ ಉಷ್ಣಾಂಶ ಕೇಳಬಹುದು. ಸ್ಯಾಮ್‌ಸಂಗ್‌ನ ನಿಯಂತ್ರಣ ವ್ಯವಸ್ಥೆಯಾದ ಎಂಡಿಸಿ ನೆಟ್‌ವರ್ಕ್‌ನ ಟಿಸಿಪಿ ಪೋರ್ಟ್ 1515ರಲ್ಲಿ ಕೇಳಿಸಿಕೊಳ್ಳುತ್ತದೆ, ಎಲ್‌ಜಿಯ ಆಜ್ಞೆಗಳು 9761ರಲ್ಲಿ ಹೋಗುತ್ತವೆ. ಆಜ್ಞೆ ಕಳಿಸಿದರೂ ಪರದೆ ಉತ್ತರಿಸದಿದ್ದರೆ ಮೊದಲು ಸೆಟ್ ಐಡಿ, ಅಂದರೆ ಪರದೆಗೆ ಕೊಟ್ಟ ಗುರುತಿನ ಸಂಖ್ಯೆ ನೋಡಿ. ಸಾಫ್ಟ್‌ವೇರ್ 1 ಎಂದು ಕರೆಯುತ್ತಿದ್ದು ಪರದೆಯಲ್ಲಿ 3 ಎಂದಿದ್ದರೆ ಅದು ಸುಮ್ಮನಿರುವುದು ಸಹಜ. ಆಮೇಲೆ ಸ್ಟ್ಯಾಂಡ್‌ಬೈ ಸೆಟ್ಟಿಂಗ್ ನೋಡಿ. ಆಳವಾದ ವಿದ್ಯುತ್ ಉಳಿತಾಯದಲ್ಲಿ ಲ್ಯಾನ್ ಪೋರ್ಟ್ ಕೂಡ ಮಲಗಿಬಿಡುತ್ತದೆ. ಆಗ ಆಫ್ ಮಾಡುವ ಆಜ್ಞೆ ತಲುಪುತ್ತದೆ, ಆನ್ ಮಾಡುವ ಆಜ್ಞೆ ತಲುಪುವುದಿಲ್ಲ.

ಇದರ ಕೊರತೆ ವಯಸ್ಸಾಗುತ್ತಾ ಬಂದಂತೆ ಕಾಣುತ್ತದೆ. ಪ್ಯಾನೆಲ್ ಹಲವು ವರ್ಷ ಬಾಳುತ್ತದೆ, ಆದರೆ ಒಳಗಿನ ಪ್ರೊಸೆಸರ್, ಮೆಮೊರಿ, ಬ್ರೌಸರ್ ಕೊಂಡ ದಿನ ಹೇಗಿದ್ದವೋ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತವೆ. ಸೈನೇಜ್ ಸಾಫ್ಟ್‌ವೇರ್ ಹೊಸದಾಗುತ್ತಾ ಹೋದ ಹಾಗೆ ಹಳೆಯ ಬ್ರೌಸರ್‌ನಲ್ಲಿ ಪುಟಗಳು ಅರ್ಧ ಮೂಡುತ್ತವೆ, ಅಕ್ಷರಗಳು ಚೌಕಗಳಾಗುತ್ತವೆ. ಕನ್ನಡದ ಒತ್ತಕ್ಷರಗಳು ಒಡೆದು ಕಾಣುತ್ತಿದ್ದರೆ ಕಾರಣ ಹೆಚ್ಚಾಗಿ ಫಾಂಟ್. ಪರದೆಯೊಳಗಿನ ಫಾಂಟನ್ನು ನಂಬದೆ ವೆಬ್ ಫಾಂಟನ್ನು ಕಂಟೆಂಟ್ ಜೊತೆಗೇ ಕಳಿಸಿ, ಇಲ್ಲವಾದರೆ ಅಕ್ಷರಗಳನ್ನು ಚಿತ್ರವಾಗಿಸಿ ಕೊಡಿ.

ಪ್ರತ್ಯೇಕ ಪ್ಲೇಯರ್

ಬ್ರೈಟ್‌ಸೈನ್‌ನಂಥ ಸೈನೇಜ್‌ಗೆಂದೇ ಮಾಡಿದ ಪೆಟ್ಟಿಗೆ, ವಿಂಡೋಸ್ ಮಿನಿ ಪಿಸಿ, ಆಂಡ್ರಾಯ್ಡ್ ಬಾಕ್ಸ್, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇವೆಲ್ಲ ಈ ಗುಂಪಿನವು. ದೋಷ ಹುಡುಕುವ ದೃಷ್ಟಿಯಿಂದ ಇದರ ದೊಡ್ಡ ಗುಣ ಒಂದೇ: ಭಾಗಗಳನ್ನು ಬೇರೆ ಮಾಡಿ ಪರೀಕ್ಷಿಸಬಹುದು. ಪ್ಲೇಯರ್ ಸತ್ತರೆ ಅಂಗೈಯಗಲದ ಪೆಟ್ಟಿಗೆಯೊಂದನ್ನು ಬದಲಿಸಿದರೆ ಆಯಿತು, ನಲವತ್ತು ಕಿಲೋ ತೂಕದ ಪರದೆಯನ್ನು ಗೋಡೆಯಿಂದ ಇಳಿಸಬೇಕಿಲ್ಲ.

ದೊಡ್ಡ ತಲೆನೋವು ಎಚ್‌ಡಿಎಂಐ. ಅದಕ್ಕೆ ಸ್ವಲ್ಪ ಹೊತ್ತು ಕೊಡಬೇಕು.

ಪರದೆ ಎಚ್‌ಡಿಎಂಐ ಮೂಲಕ ತನ್ನ ಪರಿಚಯವನ್ನು ಪ್ಲೇಯರ್‌ಗೆ ಕೊಡುತ್ತದೆ. ಯಾವ ರೆಸಲ್ಯೂಷನ್, ಎಷ್ಟು ಹರ್ಟ್ಜ್, ಆಡಿಯೊ ಉಂಟೋ ಇಲ್ಲವೋ ಎಂಬ ಈ ವಿವರಕ್ಕೆ ಇಡಿಐಡಿ ಎನ್ನುತ್ತಾರೆ. ಪ್ಲೇಯರ್ 18ನೇ ಪಿನ್‌ನಲ್ಲಿ 5 ವೋಲ್ಟ್ ಕೊಡುತ್ತದೆ, ಪರದೆ 19ನೇ ಪಿನ್‌ನಲ್ಲಿ 'ನಾನಿದ್ದೇನೆ' ಎಂದು ಸೂಚಿಸುತ್ತದೆ, ಆಮೇಲೆ ಮಾತುಕತೆ. ಕರೆಂಟು ಬಂದಾಗ ಪ್ಲೇಯರ್ ಬೇಗ ಎದ್ದು ಪರದೆ ತಡವಾಗಿ ಎದ್ದರೆ ಈ ಪರಿಚಯ ತಪ್ಪಿಹೋಗುತ್ತದೆ. ಪ್ಲೇಯರ್ ಒಂದೋ ಚಿತ್ರವನ್ನೇ ಹೊರಡಿಸುವುದಿಲ್ಲ, ಇಲ್ಲವೇ ತೀರಾ ಕಡಿಮೆ ರೆಸಲ್ಯೂಷನ್‌ಗೆ ಇಳಿಯುತ್ತದೆ.

ಗುರುತಿಸುವುದು ಸುಲಭ. ಪರದೆಯನ್ನಷ್ಟೇ ಹತ್ತು ನಿಮಿಷ ಆಫ್ ಮಾಡಿ ಆನ್ ಮಾಡಿ. ಚಿತ್ರ ಬರದೆ, ಪ್ಲೇಯರನ್ನು ರೀಸ್ಟಾರ್ಟ್ ಮಾಡಿದ ಮೇಲೆ ಬಂದರೆ ದೋಷ ಈ ಮಾತುಕತೆಯಲ್ಲಿದೆ. ಪರಿಹಾರಕ್ಕೆ ಮೂರು ದಾರಿಗಳಿವೆ. ಪ್ಲೇಯರ್ ಸೆಟ್ಟಿಂಗ್‌ನಲ್ಲಿ 'ಆಟೋ' ಬಿಟ್ಟು 1920×1080, 60 ಹರ್ಟ್ಜ್ ಎಂದೋ ನಿಮ್ಮ ಪರದೆಗೆ ತಕ್ಕದ್ದೋ ಖಾಯಂ ಮಾಡಿ. ಪರದೆ ಇರಲಿ ಬಿಡಲಿ ಸಿಗ್ನಲ್ ಹೊರಡಿಸು ಎಂಬ ಆಯ್ಕೆ ಇದ್ದರೆ ಅದನ್ನೂ ಹಾಕಿ. ಎರಡೂ ಆಗದಿದ್ದರೆ ಪ್ಲೇಯರ್ ತುದಿಗೆ ಇಡಿಐಡಿ ಎಮ್ಯುಲೇಟರ್ ಎಂಬ ಹೆಬ್ಬೆರಳಿನ ಗಾತ್ರದ ತುಂಡೊಂದನ್ನು ಸಿಕ್ಕಿಸಿ. ಪರದೆ ಮಲಗಿದ್ದರೂ ಅದು ಪ್ಲೇಯರ್‌ಗೆ ಪರಿಚಯ ಕೊಡುತ್ತಲೇ ಇರುತ್ತದೆ.

ಕೇಬಲ್‌ನ ಕಥೆ ಬೇರೆ. ಚಿತ್ರದ ಮೇಲೆ ಬಿಳಿ ಚುಕ್ಕೆಗಳು ಮಿನುಗುವುದು, ಆಗೊಮ್ಮೆ ಈಗೊಮ್ಮೆ ಒಂದೆರಡು ಸೆಕೆಂಡು ಕಪ್ಪಾಗುವುದು ಇದರ ಲಕ್ಷಣ. 4ಕೆ ಚಿತ್ರ 60 ಹರ್ಟ್ಜ್‌ನಲ್ಲಿ ಪೂರ್ಣ ಬಣ್ಣದೊಂದಿಗೆ ಹೋಗಬೇಕಾದರೆ ಸೆಕೆಂಡಿಗೆ 18 ಗಿಗಾಬಿಟ್‌ವರೆಗೆ ಹೊರುವ ಕೇಬಲ್ ಬೇಕು. 30 ಹರ್ಟ್ಜ್‌ಗೆ ಅದರ ಅರ್ಧ ಸಾಕು, 1080ಕ್ಕೆ ಕಾಲು ಭಾಗ. ಹಾಗಾಗಿ ಹೊಸ ಕೇಬಲ್ ತರಿಸುವ ಮೊದಲು ಪ್ಲೇಯರನ್ನು 1080ಕ್ಕೆ ಇಳಿಸಿ ನೋಡಿ. ಚುಕ್ಕೆ ಮಾಯವಾದರೆ ಕೇಬಲ್ಲೇ ಸೋತಿದೆ ಎಂದರ್ಥ. ಸಾಮಾನ್ಯ ತಾಮ್ರದ ಕೇಬಲ್‌ನಲ್ಲಿ 4ಕೆ 60ಕ್ಕೆ ಐದು ಮೀಟರ್ ದಾಟದಿರುವುದು ಕ್ಷೇಮ. ಅದಕ್ಕೂ ದೂರವಿದ್ದರೆ ಆಪ್ಟಿಕಲ್ ಎಚ್‌ಡಿಎಂಐ ಅಥವಾ ಲ್ಯಾನ್ ಕೇಬಲ್ ಮೇಲೆ ಚಿತ್ರ ಸಾಗಿಸುವ ಎಚ್‌ಡಿಬೇಸ್‌ಟಿ ಹಾಕಿ. ಆಪ್ಟಿಕಲ್ ಕೇಬಲ್‌ಗೆ ದಿಕ್ಕಿದೆ: 'ಸೋರ್ಸ್' ಎಂದು ಬರೆದ ತುದಿ ಪ್ಲೇಯರ್‌ಗೇ ಹೋಗಬೇಕು. ಗೋಡೆಯೊಳಗೆ ಎಳೆಯುವ ಮೊದಲೇ ತುದಿಯಲ್ಲಿ ಏನು ಬರೆದಿದೆ ಎಂದು ನೋಡಿಕೊಳ್ಳಿ. ತಿರುಗುಮುರುಗಾಗಿ ಎಳೆದರೆ ಚಿತ್ರವೇ ಬರುವುದಿಲ್ಲ, ಮತ್ತೆ ಎಲ್ಲವನ್ನೂ ಹೊರಗೆಳೆಯಬೇಕು.

ಇನ್ನು ವಿದ್ಯುತ್. ಸ್ಟಿಕ್ ಅಥವಾ ಪುಟ್ಟ ಪ್ಲೇಯರನ್ನು ಪರದೆಯ ಯುಎಸ್‌ಬಿ ಪೋರ್ಟಿನಿಂದಲೇ ನಡೆಸುವ ಅಭ್ಯಾಸ ಬಿಡಬೇಕು. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ್ದು ಅರ್ಧ ಆಂಪಿಯರ್, 3.0 ಆದರೆ 0.9. ವಿಡಿಯೊ ಭಾರವಾದ ಕ್ಷಣದಲ್ಲಿ ಸ್ಟಿಕ್ ಅದಕ್ಕಿಂತ ಹೆಚ್ಚು ಕೇಳುತ್ತದೆ, ಸಿಗದಿದ್ದಾಗ ರೀಸ್ಟಾರ್ಟ್ ಆಗುತ್ತದೆ. ಪ್ರತಿ ಸಲ ಒಂದೇ ವಿಡಿಯೊದ ಹತ್ತಿರ ನಿಲ್ಲುತ್ತಿದೆ ಎಂಬ ದೂರಿನ ಹಿಂದೆ ಇದು ಅಡಗಿರಬಹುದು. ಇನ್ನೂ ಕೆಟ್ಟದ್ದೆಂದರೆ, ಪರದೆ ಸ್ಟ್ಯಾಂಡ್‌ಬೈಗೆ ಹೋದಾಗ ಆ ಪೋರ್ಟಿನ ಕರೆಂಟೂ ಹೋಗಬಹುದು. ಫೈಲ್ ಬರೆಯುತ್ತಿರುವಾಗಲೇ ಕಡಿತವಾದರೆ ಸಂಗ್ರಹ ಹಾಳಾಗುತ್ತದೆ. ರಾಸ್ಪ್‌ಬೆರಿ ಪೈ 4ಕ್ಕೆ 5.1 ವೋಲ್ಟ್, 3 ಆಂಪಿಯರ್‌ನ ಅಡಾಪ್ಟರ್ ಕೊಡಿ. ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಕಂಡರೆ ವೋಲ್ಟೇಜ್ ಸುಮಾರು 4.63ಕ್ಕಿಂತ ಕೆಳಗಿಳಿದಿದೆ. ಪೈಯಲ್ಲಿ ಎಸ್‌ಡಿ ಕಾರ್ಡ್ ಬಳಸುವುದಾದರೆ ಓವರ್‌ಲೇ ಫೈಲ್ ಸಿಸ್ಟಮ್ ಹಾಕಿ, ಕಾರ್ಡ್‌ಗೆ ಏನೂ ಬರೆಯದಂತೆ ಮಾಡುವುದು ಒಳ್ಳೆಯದು.

ವಿಂಡೋಸ್ ಮಿನಿ ಪಿಸಿ ಶಕ್ತಿವಂತ, ಆದರೆ ಅದು ತಾನು ಕಚೇರಿಯ ಕಂಪ್ಯೂಟರ್ ಎಂದೇ ಭಾವಿಸಿರುತ್ತದೆ. ಒಂದೇ ಆ್ಯಪ್ ಪರದೆ ತುಂಬ ಓಡುವ ಕಿಯಾಸ್ಕ್ ಮೋಡ್, ಆಟೋ ಲಾಗಿನ್, ನೋಟಿಫಿಕೇಷನ್ ಬಂದ್, ಅಪ್‌ಡೇಟ್‌ಗೆ ರಾತ್ರಿಯ ಹೊತ್ತು, ಪಿಸಿಯ ಮೂಲ ಸೆಟ್ಟಿಂಗ್ ಇರುವ ಬಯೋಸ್‌ನಲ್ಲಿ 'ಕರೆಂಟು ಬಂದ ಕೂಡಲೇ ಆನ್' ಇವು ಐದೂ ಇಲ್ಲದೆ ಅದನ್ನು ಗೋಡೆಗೆ ಹಾಕಬೇಡಿ.

ಕಪ್ಪು ಪರದೆಯ ಮುಂದೆ ನಿಂತಾಗ

ಮೂರು ಬಗೆಗೂ ಒಪ್ಪುವ ಕ್ರಮವೊಂದಿದೆ. ಮೊದಲು ಪರದೆಯ ಕೆಳ ಅಂಚಿನ ಪುಟ್ಟ ದೀಪ ನೋಡಿ. ಅದು ಉರಿಯುತ್ತಲೇ ಇಲ್ಲವಾದರೆ ಕರೆಂಟು ತಲುಪಿರಲಿಕ್ಕಿಲ್ಲ. ಸಾಕೆಟ್, ಪ್ಲಗ್, ಹಿಂಬದಿಯ ಸ್ವಿಚ್ ನೋಡಿ. ಬಹಳಷ್ಟು ವೃತ್ತಿಪರ ಪರದೆಗಳಿಗೆ ಹಿಂದೆ ಒಂದು ಮುಖ್ಯ ಸ್ವಿಚ್ ಇರುತ್ತದೆ, ಒರೆಸುವಾಗ ಕೈ ತಗುಲಿ ಅದು ಆಫ್ ಆಗಿರಬಹುದು. ಕೆಲವು ಮಾದರಿಗಳಲ್ಲಿ ಪರದೆ ನಡೆಯುವಾಗ ದೀಪ ಆರುವಂತೆ ಸೆಟ್ಟಿಂಗ್ ಇರುತ್ತದೆ ಎಂಬುದೂ ನೆನಪಿರಲಿ. ಕೆಂಪು ದೀಪ ಇದ್ದರೆ ಸ್ಟ್ಯಾಂಡ್‌ಬೈ: ಆನ್-ಆಫ್ ವೇಳಾಪಟ್ಟಿ ಮತ್ತು ಉಳಿತಾಯ ಸೆಟ್ಟಿಂಗ್ ಕಡೆ ನೋಡಿ. ದೀಪ ಒಂದು ಲಯದಲ್ಲಿ ಮಿಟುಕುತ್ತಿದ್ದರೆ ಎಷ್ಟು ಸಲ ಎಂದು ಎಣಿಸಿ ಬರೆದುಕೊಳ್ಳಿ. ಸರ್ವಿಸ್‌ನವರಿಗೆ ಆ ಎಣಿಕೆ ಬೇಕಾಗುತ್ತದೆ.

ಎರಡನೆಯದು, ರಿಮೋಟ್‌ನಲ್ಲಿ ಮೆನು ಒತ್ತಿ. ಮೆನು ಮೂಡಿದರೆ ಪ್ಯಾನೆಲ್ಲೂ ಅದನ್ನು ಹಿಂದಿನಿಂದ ಬೆಳಗುವ ಬ್ಯಾಕ್‌ಲೈಟೂ ಚೆನ್ನಾಗಿವೆ, ದೋಷ ಅದರ ಹಿಂದಿನ ಕೊಂಡಿಯಲ್ಲಿದೆ. ಇದೊಂದು ಗುಂಡಿಯಿಂದ ಅರ್ಧ ಕೆಲಸ ಮುಗಿಯುತ್ತದೆ, ಆದರೂ ಅದನ್ನು ಒತ್ತದೆಯೇ ಪರದೆ ಇಳಿಸುವವರಿದ್ದಾರೆ. ಆಮೇಲೆ ಇನ್‌ಪುಟ್ ಹೆಸರು ಸರಿಯಿದೆಯೇ ನೋಡಿ, ಕೇಬಲ್‌ನ ಎರಡೂ ತುದಿ ತೆಗೆದು ಹಾಕಿ, ಬೇರೆ ಪೋರ್ಟ್‌ಗೆ ಬದಲಿಸಿ, ಕೊನೆಗೆ ಒಂದು ಲ್ಯಾಪ್‌ಟಾಪನ್ನು ಅದೇ ಕೇಬಲ್‌ಗೆ ಜೋಡಿಸಿ. ಲ್ಯಾಪ್‌ಟಾಪ್ ಚಿತ್ರ ಬಂದರೆ ಪ್ಲೇಯರ್ ಕಡೆ ಬೆರಳು ಮಾಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ಮೆನುವೂ ಇಲ್ಲ, ದೀಪ ಮಾತ್ರ ಆನ್ ಎಂದು ತೋರಿಸುತ್ತಿದೆ ಎಂದಾದರೆ ಕೋಣೆಯ ದೀಪ ಆರಿಸಿ ಮೊಬೈಲ್ ಟಾರ್ಚನ್ನು ಗಾಜಿಗೆ ಹತ್ತಿರ ಹಿಡಿದು ಓರೆಯಾಗಿ ಬೆಳಕು ಬಿಡಿ. ಬೆಳಕು ಬಿದ್ದಷ್ಟು ಜಾಗದಲ್ಲಿ ಮಸುಕು ಮಸುಕಾಗಿ ಅಕ್ಷರ, ಚಿತ್ರದ ಅಂಚು ಕಂಡರೆ ಪ್ಯಾನೆಲ್ ಇನ್ನೂ ಚಿತ್ರ ಬರೆಯುತ್ತಿದೆ, ಸೋತಿರುವುದು ಬ್ಯಾಕ್‌ಲೈಟ್ ಅಥವಾ ಅದರ ಡ್ರೈವರ್. ಅದು ದುರಸ್ತಿಯಾಗುವಂಥದ್ದು. ಮೇಲಿಂದ ಕೆಳಗೆ ನೆಟ್ಟಗೆ ಬಣ್ಣದ ಗೆರೆಗಳು ಬಂದು, ಮೆನುವಿನ ಮೇಲೂ ಹಾದುಹೋಗುತ್ತಿದ್ದರೆ ಹೆಚ್ಚಾಗಿ ಪ್ಯಾನೆಲ್‌ದೇ ದೋಷ. ದುರಸ್ತಿಗಿಂತ ಬದಲಿ ಪ್ಯಾನೆಲ್ಲೇ ಸುಲಭವಾಗುವ ಸಂದರ್ಭಗಳು ಹೆಚ್ಚು.

ಪರದೆಯನ್ನು ಸುಮ್ಮನೆ ದೂರುವಂತೆ ಮಾಡುವ ಕೆಲವು ಸಂಗತಿಗಳು

ಚಿತ್ರದ ಗಾತ್ರ. ಕ್ಯಾಮೆರಾದಿಂದ ಬಂದ 6000×4000 ಪಿಕ್ಸೆಲ್ ಫೋಟೊ ಡಿಸ್ಕ್‌ನಲ್ಲಿ ಐದಾರು ಎಂಬಿ ಮಾತ್ರ ಇರಬಹುದು. ತೆರೆದಾಗ ಅದು 2.4 ಕೋಟಿ ಪಿಕ್ಸೆಲ್, ಒಂದಕ್ಕೆ 4 ಬೈಟ್‌ನಂತೆ 96 ಎಂಬಿ ಮೆಮೊರಿ. ಅದೇ ಫೋಟೊವನ್ನು 1920×1080ಕ್ಕೆ ಇಳಿಸಿದರೆ 8.3 ಎಂಬಿ ಸಾಕು. ಹತ್ತು ಫೋಟೊಗಳ ಸರಣಿ ಆರನೆಯದರಲ್ಲಿ ನಿಂತುಹೋಗುವುದಕ್ಕೆ ಈ ಲೆಕ್ಕವೇ ಉತ್ತರ. ಮುದ್ರಣಕ್ಕೆಂದು ಮಾಡಿದ ಸಿಎಂವೈಕೆ ಚಿತ್ರವನ್ನು ಹಾಗೇ ಕೊಟ್ಟರೆ ಬಣ್ಣ ಕೆಡಬಹುದು, ಚಿತ್ರವೇ ಮೂಡದಿರಬಹುದು. ಆರ್‌ಜಿಬಿಗೆ ಬದಲಿಸಿ ಕೊಡಿ. ವಿಡಿಯೊ ಎಚ್.264 ಎಂಬ ಮಾದರಿಯಲ್ಲಿ, 1080 ರೆಸಲ್ಯೂಷನ್‌ನಲ್ಲಿ, ಸೆಕೆಂಡಿಗೆ 8ರಿಂದ 10 ಮೆಗಾಬಿಟ್ ಇದ್ದರೆ ಬಹುತೇಕ ಎಲ್ಲ ಪ್ಲೇಯರ್‌ಗಳೂ ನಡೆಸುತ್ತವೆ. ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿದ್ದರೆ 4 ಜಿಬಿ ಮೀರಿದ ಫೈಲ್ ಅದರಲ್ಲಿ ಕೂರುವುದಿಲ್ಲ.

ಗಡಿಯಾರ. ಬ್ಯಾಟರಿ ಗಡಿಯಾರವಿಲ್ಲದ ಪ್ಲೇಯರ್ ಕರೆಂಟು ಹೋಗಿ ಬಂದಾಗ ಹಳೆಯ ದಿನಾಂಕದಲ್ಲಿ ಏಳುತ್ತದೆ. ವೇಳಾಪಟ್ಟಿ ತಪ್ಪುವುದು ಒಂದು. ಅದಕ್ಕಿಂತ ಗೊಂದಲ ಹುಟ್ಟಿಸುವುದು ಇನ್ನೊಂದು. ದಿನಾಂಕ ತಪ್ಪಿದರೆ ಸರ್ವರ್‌ನ ಭದ್ರತಾ ಪ್ರಮಾಣಪತ್ರ ಚಾಲ್ತಿಯಲ್ಲಿಲ್ಲ ಎಂದು ಪ್ಲೇಯರ್ ತೀರ್ಮಾನಿಸಿ ಸಂಪರ್ಕವನ್ನೇ ನಿರಾಕರಿಸುತ್ತದೆ. ನೆಟ್ ಇದೆ, ಬೇರೆ ಸಾಧನದಲ್ಲಿ ಬ್ರೌಸಿಂಗ್ ಆಗುತ್ತಿದೆ, ಆದರೆ ಪ್ಲೇಯರ್ ಮಾತ್ರ ಆಫ್‌ಲೈನ್ ಎಂದಿದ್ದರೆ ಮೊದಲು ದಿನಾಂಕ ನೋಡಿ. ನೆಟ್‌ನಿಂದ ಸರಿಯಾದ ಸಮಯ ತರಲು ಫೈರ್‌ವಾಲ್‌ನಲ್ಲಿ ಯುಡಿಪಿ ಪೋರ್ಟ್ 123 ತೆರೆದಿರಬೇಕು, ಟೈಮ್ ಝೋನ್ ಸರಿಯಿರಬೇಕು. ರಾಸ್ಪ್‌ಬೆರಿ ಪೈ 4ರವರೆಗೆ ಈ ಗಡಿಯಾರ ಇಲ್ಲ. ಪೈ 5ರಲ್ಲಿ ಇದೆ, ಬ್ಯಾಟರಿ ಬೇರೆ ಜೋಡಿಸಬೇಕು.

ವೈಫೈ. ಪರದೆಯ ಹಿಂಬದಿ ಲೋಹ, ಅದರ ಹಿಂದೆ ಗೋಡೆ, ನಡುವೆ ಪ್ಲೇಯರ್. ಎದುರು ನಿಂತ ಮೊಬೈಲ್‌ನಲ್ಲಿ ಸಿಗ್ನಲ್ ಪೂರ್ತಿ ಕಂಡರೂ ಅಲ್ಲಿ ಒಳಗೆ ಅಷ್ಟು ಸಿಗ್ನಲ್ ಇರುವುದಿಲ್ಲ. ಪ್ಲೇಯರ್ ತೋರಿಸುವ ಸಿಗ್ನಲ್ ಬಲದ ಅಂಕಿ ಮೈನಸ್ 67 ಡಿಬಿಎಂಗಿಂತ ಕೆಳಗಿಳಿಯದಿದ್ದರೆ ನೆಮ್ಮದಿ. ಸಾಧ್ಯವಿದ್ದರೆ ಲ್ಯಾನ್ ಕೇಬಲ್ ಎಳೆಯುವುದೇ ಒಳ್ಳೆಯದು.

ಬಿಸಿಲು ಮಾತ್ರ ಬೇರೆ ವಿಷಯ. ಕಿಟಕಿಯತ್ತ ಮುಖ ಮಾಡಿದ ಪರದೆಯಲ್ಲಿ ಮಧ್ಯಾಹ್ನ ಇಂಕು ಚೆಲ್ಲಿದಂತೆ ಕಪ್ಪು ಮಚ್ಚೆ ಮೂಡಿ ಸಂಜೆಗೆ ತಾನಾಗಿ ಹೋಗುತ್ತಿದ್ದರೆ, ಬಿಸಿಗೆ ದ್ರವಸ್ಫಟಿಕ ತನ್ನ ಜೋಡಣೆ ಕಳೆದುಕೊಳ್ಳುತ್ತಿದೆ. ಸಾಮಾನ್ಯ ಪ್ಯಾನೆಲ್‌ನಲ್ಲಿ ಇದು ಸುಮಾರು 70–80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಗುತ್ತದೆ, ಬಿಸಿಲಿಗೆಂದೇ ಮಾಡಿದ ಪ್ಯಾನೆಲ್ 110ರವರೆಗೆ ತಾಳುತ್ತದೆ. ಸೆಟ್ಟಿಂಗ್‌ನಿಂದ ಇದು ಸರಿಹೋಗುವುದಿಲ್ಲ. ಪರದೆಯ ಜಾಗ ಬದಲಿಸಬೇಕು, ಇಲ್ಲವೇ ಪರದೆಯನ್ನೇ ಬದಲಿಸಬೇಕು. ಕಿಟಕಿಗೆ 2500 ನಿಟ್ಸ್‌ಗಿಂತ ಮೇಲಿನದ್ದನ್ನೇ ನೋಡಿ. ಪರದೆ ತಾನಾಗಿ ಮಂಕಾಗಿ ಆಮೇಲೆ ಆಫ್ ಆಗುತ್ತಿದ್ದರೆ ಒಳಗಿನ ಉಷ್ಣ ಸೆನ್ಸರ್ ಕಾಪಾಡುತ್ತಿದೆ. ಕಿಂಡಿಗಳ ದೂಳು ತೆಗೆಯಿರಿ, ಸುತ್ತ ಹತ್ತು ಸೆಂಟಿಮೀಟರ್ ಗಾಳಿ ಬಿಡಿ. ಉದ್ದುದ್ದ ನಿಲ್ಲಿಸಿದ್ದರೆ ತಯಾರಕರು ಹೇಳಿದ ಪಕ್ಕಕ್ಕೇ ತಿರುಗಿಸಿದ್ದೀರಾ ಎಂದು ಕೈಪಿಡಿ ನೋಡಿ.

ಒಂದೇ ಲೋಗೊ ದಿನವಿಡೀ ಒಂದೇ ಮೂಲೆಯಲ್ಲಿದ್ದರೆ ಅದರ ನೆರಳು ಉಳಿಯುತ್ತದೆ. ಎಲ್‌ಸಿಡಿಯಲ್ಲಿ ಇದು ಹೆಚ್ಚಾಗಿ ತಾತ್ಕಾಲಿಕ. ಪೂರ್ತಿ ಬಿಳಿ ಅಥವಾ ಚಲಿಸುವ ಚಿತ್ರವನ್ನು ಕೆಲವು ಗಂಟೆ ಓಡಿಸಿದರೆ, ರಾತ್ರಿ ಆಫ್ ಮಾಡಿದರೆ ಕರಗುತ್ತದೆ. ಓಎಲ್‌ಇಡಿಯಲ್ಲಿ ಉಳಿದ ಗುರುತು ಹೋಗುವುದಿಲ್ಲ, ಆದ್ದರಿಂದ ದರಪಟ್ಟಿಯಂಥ ನಿಂತ ಚಿತ್ರಕ್ಕೆ ಅದು ಬೇಡ.

ನಮ್ಮ ತೀರ್ಪು

ಮೂರಕ್ಕಿಂತ ಹೆಚ್ಚು ಪರದೆಗಳಿದ್ದರೆ, ವೆಬ್ ಪುಟ, 4ಕೆ ವಿಡಿಯೊ ಇದ್ದರೆ, ವೃತ್ತಿಪರ ಡಿಸ್‌ಪ್ಲೇ ಜೊತೆ ಪ್ರತ್ಯೇಕ ಪ್ಲೇಯರ್ ಕೊಳ್ಳಿ, ಬದಲಿಗೆಂದು ಒಂದು ಪ್ಲೇಯರ್ ಮತ್ತು ಒಂದು ಕೇಬಲ್ ಪಕ್ಕದಲ್ಲಿಡಿ. ಸಣ್ಣ ಜಾಗಕ್ಕೆ ಒಳಗೇ ಪ್ಲೇಯರ್ ಇರುವುದು ಸಾಕು. ಮುಂದೆ ಅದು ಹಳತಾದರೂ ಎಚ್‌ಡಿಎಂಐ ಪೋರ್ಟಿಗೆ ಹೊರಗಿನ ಪ್ಲೇಯರ್ ಸಿಕ್ಕಿಸಬಹುದು. ಟಿವಿಯನ್ನು ಒಂದೆರಡು ದಿನದ ಕಾರ್ಯಕ್ರಮಕ್ಕಷ್ಟೇ ಇಟ್ಟುಕೊಳ್ಳಿ. ಪರದೆ ದಿನಕ್ಕೆ 16 ಗಂಟೆಗೆಂದು ಮಾಡಿದ್ದೋ 24 ಗಂಟೆಗೋ ಎಂದು ವಿವರಪಟ್ಟಿಯಲ್ಲಿ ಓದಿಯೇ ಆರಿಸಿ.

ಹಣ ಕೊಡುವ ಮೊದಲು ಮಾರಾಟಗಾರರ ಮುಂದೆಯೇ ಎರಡು ಪರೀಕ್ಷೆ ಮಾಡಿ. ವಿಡಿಯೊ ಓಡುತ್ತಿರುವಾಗ ಪ್ಲಗ್ ಕಿತ್ತು ಒಂದು ನಿಮಿಷ ಬಿಟ್ಟು ಹಾಕಿ. ಯಾರೂ ರಿಮೋಟ್ ಮುಟ್ಟದೆ ಅದೇ ವಿಡಿಯೊ ಮತ್ತೆ ಬರಬೇಕು. ಆಮೇಲೆ ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಇದ್ದರೆ ಆಫ್ ಮಾಡಿ, ಪ್ಲೇಯರನ್ನು ರೀಸ್ಟಾರ್ಟ್ ಮಾಡಿ. ಒಳಗೆ ಉಳಿಸಿಕೊಂಡ ಕಂಟೆಂಟ್ ತಾನಾಗಿ ಓಡಿದರೆ ತೆಗೆದುಕೊಳ್ಳಿ. 'ಸಂಪರ್ಕ ಇಲ್ಲ' ಎಂಬ ಸಾಲು ಮಾತ್ರ ಬಂದು ನಿಂತರೆ ಬೇರೆಯದನ್ನು ತೋರಿಸಲು ಹೇಳಿ.